ಹಾರ್ಟ್ ಅಟ್ಯಾಕ್ ಆದ ಅಪ್ಪನಿಗೆ ಎಲ್-ಆರ್ಜಿನಿನ್ ಪುಡಿ ಕೊಡಬಹುದಾ?

ಹಾಸನದ_ಮಗಳು:
ಅಪ್ಪನಿಗೆ 64 ವರ್ಷ. ಹೋದ ತಿಂಗಳು ಹಾರ್ಟ್ ಅಟ್ಯಾಕ್ ಆಯಿತು. ಎಕೋದಲ್ಲಿ ಪಂಪಿಂಗ್ 35 ಅಂತ ಬಂದಿದೆ, ಕಿಡ್ನಿ ಟೆಸ್ಟ್‌ನ ಕ್ರಿಯಾಟಿನಿನ್ ಕೂಡ ಸ್ವಲ್ಪ ಜಾಸ್ತಿ. ಬಚ್ಚಲಿಗೆ ಹೋಗಿ ಬಂದರೂ ಸಾಕು, ಮಂಚದ ತುದಿ ಹಿಡಿದು ಕೂತು ಏದುಸಿರು ಬಿಡುತ್ತಾರೆ, ನೋಡೋಕೆ ಆಗಲ್ಲ. ರಕ್ತದಲ್ಲಿ ಎಡಿಎಂಎ ಅನ್ನೋ ಅಮೈನೋ ಆಮ್ಲ ಜಾಸ್ತಿ ಆದರೆ ಹೃದಯ ರಕ್ತ ದೂಡುವುದು ಕಡಿಮೆ ಆಗುತ್ತೆ, ಆರ್ಜಿನಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲ ತಗೊಂಡರೆ ಸರಿಹೋಗುತ್ತೆ ಅಂತ ಓದಿದೆ. ನೆಂಟರೊಬ್ಬರು ಡಬ್ಬಿನೂ ತಂದುಕೊಟ್ಟಿದ್ದಾರೆ. ಶುರು ಮಾಡಲಾ?

ಲ್ಯಾಬ್_ಗೆಳೆಯ:
ಎಡಿಎಂಎ ಬಗ್ಗೆ ನೀವು ಓದಿದ್ದು ಸುಳ್ಳಲ್ಲ. ರಕ್ತನಾಳದ ಒಳಪದರ ಆರ್ಜಿನಿನ್‌ನಿಂದ ನೈಟ್ರಿಕ್ ಆಕ್ಸೈಡ್ ಮಾಡಿಕೊಳ್ಳುತ್ತದೆ, ನಾಳ ಸಡಿಲವಾಗುವುದು ಅದರಿಂದ. ಎಡಿಎಂಎ ಹೆಚ್ಚುಕಮ್ಮಿ ಆರ್ಜಿನಿನ್ ತರಾನೇ ಇರುವುದರಿಂದ ಅದರ ಜಾಗದಲ್ಲಿ ಹೋಗಿ ಕೂತು ಆ ಕೆಲಸಕ್ಕೆ ಅಡ್ಡ ಬರುತ್ತದೆ. ಕಿಡ್ನಿ ಕೆಟ್ಟವರ ರಕ್ತದಲ್ಲಿ ಇದು ಸೇರಿಕೊಳ್ಳುತ್ತದೆ ಅಂತ 1992ರಲ್ಲೇ ಲಂಡನ್‌ನ ಪ್ಯಾಟ್ರಿಕ್ ವ್ಯಾಲನ್ಸ್ ತಂಡ ತೋರಿಸಿತ್ತು. 2003ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಆರೋಗ್ಯವಂತರಿಗೇ ಎಡಿಎಂಎ ರಕ್ತನಾಳಕ್ಕೆ ಕೊಟ್ಟು ನೋಡಿದರು. ನಾಳಗಳು ಬಿಗಿದುಕೊಂಡವು, ಹೃದಯ ನಿಮಿಷಕ್ಕೆ ದೂಡುವ ರಕ್ತ ಶೇಕಡಾ 15ರಷ್ಟು ಇಳಿಯಿತು.

ಆದರೆ ಅಪ್ಪನ ಎಕೋದಲ್ಲಿರುವ 35 ಆ ಲೆಕ್ಕ ಅಲ್ಲ. ಎಡ ಹೃತ್ಕುಕ್ಷಿಯಲ್ಲಿ, ಅಂದರೆ ಹೃದಯದ ಎಡಗಡೆಯ ಕೆಳಕೋಣೆಯಲ್ಲಿ, ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ನೂರಕ್ಕೆ 35 ಪಾಲು ಹೊರಗೆ ಹೋಗುತ್ತಿದೆ ಅಂತ ಅರ್ಥ. ಅಟ್ಯಾಕ್ ಆದಾಗ ಸ್ನಾಯುವಿಗೇ ಪೆಟ್ಟು ಬಿದ್ದಿದೆ, ಅಲ್ವಾ? ಅದನ್ನು ಪುಡಿ ಸರಿ ಮಾಡಲ್ಲ.

ಶಿವಮೊಗ್ಗ_ನರ್ಸ್:
ಅಕ್ಕಾ, ದಯವಿಟ್ಟು ಆ ಡಬ್ಬಿ ತೆಗೆಯಬೇಡಿ. ನಿಮ್ಮ ಹಾಗೇ ಯೋಚನೆ ಮಾಡಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು, ಆಗ ತಾನೇ ಅಟ್ಯಾಕ್ ಆದ 153 ಜನರಲ್ಲಿ ಅರ್ಧ ಜನಕ್ಕೆ ಎಲ್-ಆರ್ಜಿನಿನ್, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ ಕೊಟ್ಟು ಆರು ತಿಂಗಳು ನೋಡಿದರು. ಪಂಪಿಂಗ್ ಸುಧಾರಿಸಲಿಲ್ಲ. ಆರ್ಜಿನಿನ್ ತಗೊಂಡವರಲ್ಲಿ 6 ಜನ ತೀರಿಕೊಂಡರು, ಆ ಕಡೆ ಒಬ್ಬರೂ ಇಲ್ಲ. ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. 2006ರಲ್ಲಿ ಬಂದ ವರದಿ ಇದು. ಸಣ್ಣ ಅಧ್ಯಯನವೇ, ಆದರೂ ನಮ್ಮಪ್ಪನಾಗಿದ್ದರೆ ನಾನಂತೂ ಕೊಡುತ್ತಿರಲಿಲ್ಲ.

ಬಚ್ಚಲಿಗೆ ಹೋಗಿ ಬಂದರೇ ಏದುಸಿರು ಅಂದರೆ ಮುಂದಿನ ಚೆಕಪ್‌ವರೆಗೆ ಕಾಯಬೇಡಿ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಕಾಲು ಊದಿದೆಯಾ? ರಾತ್ರಿ ದಿಂಬು ಎತ್ತರ ಮಾಡಿಕೊಳ್ಳುತ್ತಾರಾ? ದಿನಾ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ, ಮೈಯಲ್ಲಿ ನೀರು ನಿಲ್ಲುತ್ತಿದೆಯಾ ಅಂತ ಗೊತ್ತಾಗುತ್ತೆ.

ಹಾಸನದ_ಮಗಳು:
ಎರಡು ದಿಂಬು ಇಟ್ಟುಕೊಳ್ಳುತ್ತಿದ್ದಾರೆ. ಕಾಲುಚೀಲದ ಗೆರೆ ಸಂಜೆ ಆಳವಾಗಿ ಕೂತಿರುತ್ತೆ, ವಯಸ್ಸಿಗೆ ಅಂದುಕೊಂಡಿದ್ದೆ. ಡಾಕ್ಟರಿಗೆ ಈಗಲೇ ಫೋನ್ ಮಾಡುತ್ತೇನೆ. ಡಬ್ಬಿ ವಾಪಸ್ ಕೊಡುತ್ತೇನೆ.