ಮನೆಯ ಸೌರ ಘಟಕಕ್ಕೆ ಯಾವ ಇನ್ವರ್ಟರ್ ಸೂಕ್ತ?

ಪ್ರಶ್ನೆ:
ನಮ್ಮ ಮನೆ ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿದೆ. ಪಿಎಂ ಸೂರ್ಯಘರ್ ಯೋಜನೆಯಡಿ ತಾರಸಿಯ ಮೇಲೆ 3 ಕಿಲೋವ್ಯಾಟ್ ಸೌರ ಘಟಕ ಹಾಕಿಸಬೇಕೆಂದಿದ್ದೇವೆ. ಒಬ್ಬ ಗುತ್ತಿಗೆದಾರರು ಆನ್‌ಗ್ರಿಡ್ (ಬ್ಯಾಟರಿಯಿಲ್ಲದೆ ನೇರವಾಗಿ ಲೈನಿಗೆ ಜೋಡಿಸುವ) ಇನ್ವರ್ಟರ್ ಸಾಕೆನ್ನುತ್ತಾರೆ. ಇನ್ನೊಬ್ಬರು ಬ್ಯಾಟರಿ ಸಹಿತ ಹೈಬ್ರಿಡ್ ಬೇಕೇಬೇಕೆನ್ನುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ದೀಪ, ಫ್ಯಾನುಗಳಿಗೆ ಸಾಲುವ ಹಳೆಯ ಯುಪಿಎಸ್ ಇದೆ. ಸಂಜೆ ಮೂರರ ನಂತರ ತೆಂಗಿನ ಮರಗಳ ನೆರಳು ತಾರಸಿಯ ಪಶ್ಚಿಮ ಭಾಗದ ಮೇಲೆ ಬೀಳುತ್ತದೆ. ಬಾವಿಗೆ 1 ಎಚ್‌ಪಿ ಪಂಪ್ ಇದೆ. ತಿಳಿದವರು ಕಾರಣಸಹಿತ ಸಲಹೆ ನೀಡಬೇಕೆಂದು ವಿನಂತಿ.

ಉತ್ತರ 1:
ಆನ್‌ಗ್ರಿಡ್ ಇನ್ವರ್ಟರ್ ಮೆಸ್ಕಾಂ ಲೈನಿನ ವೋಲ್ಟೇಜನ್ನು ಅನುಸರಿಸಿಯೇ ಕೆಲಸ ಮಾಡುತ್ತದೆ. ಲೈನ್ ಹೋದ ಕೂಡಲೇ, ಎಷ್ಟೇ ಬಿಸಿಲಿದ್ದರೂ ಅದು ತಾನಾಗಿ ನಿಲ್ಲುತ್ತದೆ. ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ವಿದ್ಯುತ್ ತಗುಲಬಾರದೆಂದು ಈ ವ್ಯವಸ್ಥೆ ಕಡ್ಡಾಯವಾಗಿದೆ. ಹೈಬ್ರಿಡ್ ಆದರೆ ಲೈನಿನಿಂದ ಬೇರ್ಪಟ್ಟು, ಬ್ಯಾಟರಿಯ ಆಧಾರದಲ್ಲಿ ಮನೆಯ ಆಯ್ದ ಸರ್ಕ್ಯೂಟುಗಳಿಗೆ ವಿದ್ಯುತ್ ಕೊಡುತ್ತಿರುತ್ತದೆ. ಗ್ರಿಡ್‌ಗೆ ಜೋಡಿಸದ ಆಫ್‌ಗ್ರಿಡ್ ಘಟಕಕ್ಕೆ ಈ ಯೋಜನೆಯ ಸಹಾಯಧನ ಸಿಗುವುದಿಲ್ಲ. 3 ಕಿಲೋವ್ಯಾಟ್‌ಗೆ ಅದು 78,000 ರೂಪಾಯಿ ಆಗಿರುವುದರಿಂದ, ಆ ದಾರಿಯನ್ನು ಬಿಟ್ಟುಬಿಡಿ. ನಿಮ್ಮ ಊರಿನ ಸ್ಥಿತಿಗೆ ನಾನು ಹೈಬ್ರಿಡ್ ಅನ್ನೇ ಸೂಚಿಸುತ್ತೇನೆ.

ಉತ್ತರ 2:
ಮೇಲಿನವರ ವಿವರಣೆ ಸರಿಯಾಗಿದೆ, ಆದರೆ ನಿರ್ಣಯವನ್ನು ನಾನು ಒಪ್ಪುವುದಿಲ್ಲ. ಮಲೆನಾಡಿನಲ್ಲಿ ದಿನಗಟ್ಟಲೆ ಕರೆಂಟ್ ಹೋಗುವುದು ಆಷಾಢ, ಶ್ರಾವಣದಲ್ಲಿ. ಬಿಸಿಲು ತೀರಾ ಕಡಿಮೆ ಇರುವುದೂ ಆಗಲೇ. ಬೇಸಿಗೆಯಲ್ಲಿ ದಿನಕ್ಕೆ ಸುಮಾರು 12 ಯೂನಿಟ್ ಕೊಡುವ ಘಟಕವು ಮೋಡ ಕವಿದ ದಿನ ಅದರ ಸಣ್ಣ ಪಾಲನ್ನಷ್ಟೇ ಕೊಡುವುದರಿಂದ, ದೊಡ್ಡ ಬ್ಯಾಟರಿಗೆ ಹಣ ಸುರಿದರೂ ಅದು ಬೇಕಾದ ಹೊತ್ತಿಗೆ ತುಂಬಿರುವುದಿಲ್ಲ. ಆನ್‌ಗ್ರಿಡ್ ಹಾಕಿಸಿ, ಲೈನಿಗೆ ಕೊಟ್ಟ ವಿದ್ಯುತ್ತನ್ನು ನಿಮ್ಮ ಬಳಕೆಯಿಂದ ಕಳೆಯಲು ನೆರವಾಗುವ ನೆಟ್ ಮೀಟರಿನಿಂದ ಬಿಲ್ಲು ಇಳಿಸಿಕೊಳ್ಳಿ. ಹಳೆಯ ಯುಪಿಎಸ್ ದೀಪ, ಫ್ಯಾನುಗಳಿಗೆ ಇರಲಿ. ಬೇಸಿಗೆಯಲ್ಲೂ ಹಗಲು ಹೊತ್ತು ಆಗಾಗ ಕರೆಂಟ್ ಹೋಗುತ್ತಿದ್ದರೆ ಮಾತ್ರ ಹೈಬ್ರಿಡ್‌ನ ಹೆಚ್ಚುವರಿ ವೆಚ್ಚಕ್ಕೆ ಅರ್ಥವಿದೆ.

ಉತ್ತರ 3:
ನೆರಳಿನ ವಿಷಯವನ್ನು ಯಾರೂ ಎತ್ತಲಿಲ್ಲ. ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ. ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗುತ್ತದೆ. ನೆರಳಾದ ಭಾಗವನ್ನು ಬಿಟ್ಟು ಕರೆಂಟ್ ಹರಿಯಲು ದಾರಿ ಕೊಡುವ ಬೈಪಾಸ್ ಡಯೋಡ್‌ಗಳು ನಷ್ಟವನ್ನು ತಗ್ಗಿಸುತ್ತವೆಯೇ ಹೊರತು ಪೂರ್ತಿ ತಪ್ಪಿಸುವುದಿಲ್ಲ. ಪ್ರತಿ ಪ್ಯಾನೆಲ್‌ಗೂ ಮೈಕ್ರೋಇನ್ವರ್ಟರ್ ಹಾಕಿದರೆ ಈ ತೊಂದರೆ ನೀಗುತ್ತದೆ, ಆದರೆ ಬೆಲೆ ಹೆಚ್ಚು. ಎರಡು ಎಂಪಿಪಿಟಿ (ಸಾಲಿನಿಂದ ಗರಿಷ್ಠ ವಿದ್ಯುತ್ ಪಡೆಯುವ ನಿಯಂತ್ರಕ) ಇರುವ ಇನ್ವರ್ಟರ್ ಆರಿಸಿ ನೆರಳಿನ ಭಾಗವನ್ನು ಬೇರೆ ಸಾಲು ಮಾಡಬಹುದು. ಆದರೆ 540 ವ್ಯಾಟಿನ ಆರು ಪ್ಯಾನೆಲ್‌ಗಳನ್ನು ಮೂರು ಮೂರಾಗಿ ಒಡೆದರೆ ಪ್ರತಿ ಸಾಲಿಗೆ 120 ವೋಲ್ಟ್ ಆಸುಪಾಸು ಮಾತ್ರ ಸಿಗುವುದರಿಂದ, ಇನ್ವರ್ಟರ್ ಬಯಸುವ ಕನಿಷ್ಠ ವೋಲ್ಟೇಜ್ ಎಷ್ಟೆಂದು ಅದರ ವಿವರಪತ್ರದಲ್ಲಿ ಮೊದಲೇ ನೋಡಿ. ಎಲ್ಲಕ್ಕಿಂತ ಅಗ್ಗದ ಪರಿಹಾರವೆಂದರೆ ಪ್ಯಾನೆಲ್‌ಗಳನ್ನು ತಾರಸಿಯ ಪೂರ್ವಕ್ಕೆ ಸರಿಸುವುದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಪೂರ್ವಕ್ಕೆ ಸರಿಸಲು ಜಾಗವಿದೆ. ಮುಂದೆ ಹೈಬ್ರಿಡ್ ಹಾಕಿಸಿದರೆ ಪಂಪ್ ಅದರಲ್ಲಿ ನಡೆಯುವುದೇ?

ಉತ್ತರ 2:
1 ಎಚ್‌ಪಿ ಎಂದರೆ 746 ವ್ಯಾಟ್ ಆದರೂ, ಮೋಟಾರ್ ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಬ್ಯಾಟರಿ ಮೇಲೆ ನಡೆಯುವಾಗ ಇನ್ವರ್ಟರ್ ತಡೆಯಬಲ್ಲ ಕ್ಷಣಿಕ ಹೊರೆ ಎಷ್ಟೆಂದು ಗುತ್ತಿಗೆದಾರರಿಂದ ಬರವಣಿಗೆಯಲ್ಲೇ ಪಡೆಯಿರಿ.