ನ್ಯೂಜೆರ್ಸಿಯಲ್ಲಿ ‘ಒಳ್ಳೆಯ ಶಾಲೆಯ ಊರು’ ಹುಡುಕುವ ಮುನ್ನ

ಗುಂಪಿನ ಸದಸ್ಯರೆಲ್ಲರಿಗೂ ನಮಸ್ಕಾರ. ಮೂರು ವರ್ಷದ ಮಗುವಿನೊಂದಿಗೆ ಅಮೆರಿಕದ ನ್ಯೂಜೆರ್ಸಿ ರಾಜ್ಯಕ್ಕೆ ಬಂದು ನೆಲೆಸಲಿರುವ ದಂಪತಿಯೊಬ್ಬರು ಯಾವ ಊರಿನ ಶಾಲೆ ಒಳ್ಳೆಯದೆಂದು ಕೇಳಿದ್ದಕ್ಕೆ ಎಡಿಸನ್, ವೆಸ್ಟ್ ವಿಂಡ್ಸರ್, ಪ್ಲೇನ್ಸ್‌ಬರೊ, ಸೌತ್ ಬ್ರನ್ಸ್‌ವಿಕ್ ಎಂದು ಹಲವರು ಈಗಾಗಲೇ ಉತ್ತರಿಸಿದ್ದಾರೆ. ಆ ಪಟ್ಟಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ರಾಜ್ಯದಲ್ಲಿ ಮನೆಯ ಬೆಲೆಯೂ ಶಾಲೆಯ ಅಂಕವೂ ಏಕೆ ಜೊತೆಜೊತೆಗೇ ಏರುತ್ತವೆ ಎಂಬುದು ತಿಳಿಯಬೇಕಾದರೆ ಕಳೆದ ಐವತ್ತು ವರ್ಷಗಳಲ್ಲಿ ಇಲ್ಲಿನ ನ್ಯಾಯಾಲಯಗಳಲ್ಲಿ ನಡೆದದ್ದನ್ನು ಸ್ವಲ್ಪವಾದರೂ ತಿಳಿದಿರಬೇಕು.

ಮನೆ ಕೊಂಡವರ ಕೈಗೆ ಬರುವ ಆಸ್ತಿ ತೆರಿಗೆಯ ಬಿಲ್ಲನ್ನೇ ನೋಡಿ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳಲ್ಲಿ ನಾಲ್ಕು ಕಂತುಗಳಾಗಿ ಕಟ್ಟಬೇಕಾದ ಈ ತೆರಿಗೆಯಲ್ಲಿ ಕೌಂಟಿಗೆ (ಅಂದರೆ ಜಿಲ್ಲೆಗೆ) ಇಷ್ಟು, ಪುರಸಭೆಗೆ ಇಷ್ಟು, ಶಾಲೆಗೆ ಇಷ್ಟು ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ಹೆಚ್ಚಿನ ಊರುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಮೊತ್ತ ಶಾಲೆಯದೇ. ರಾಜ್ಯದ ಸರಾಸರಿ ಬಿಲ್ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು, ಅಂದರೆ ಇಡೀ ದೇಶದಲ್ಲೇ ಅತಿ ಹೆಚ್ಚು. ಊರಿನ ಮನೆಗಳು ದುಬಾರಿಯಾದಷ್ಟೂ ಅಲ್ಲಿನ ಶಾಲೆಗೆ ಹಣ ಸಲೀಸಾಗಿ ಒದಗುತ್ತದೆ. ನ್ಯೂವರ್ಕ್, ಕ್ಯಾಮ್ಡೆನ್‌ನಂಥ ನಗರಗಳಲ್ಲಿ ಇದಕ್ಕೆ ತದ್ವಿರುದ್ಧ. 1967ರ ಜುಲೈಯಲ್ಲಿ ನ್ಯೂವರ್ಕ್ ಗಲಭೆಯಲ್ಲಿ ಹೊತ್ತಿ ಉರಿದು 26 ಜನ ಸತ್ತ ಮೇಲಂತೂ ಅನುಕೂಲಸ್ಥರು ಉಪನಗರಗಳಿಗೆ ಹೊರಟುಹೋಗುವುದು ಇನ್ನಷ್ಟು ವೇಗ ಪಡೆಯಿತು.

ಊರಿನ ಆಸ್ತಿ ತೆರಿಗೆಯನ್ನೇ ನೆಚ್ಚಿ ಶಾಲೆ ನಡೆಸುವ ಈ ವ್ಯವಸ್ಥೆ ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1973ರಲ್ಲಿ ‘ರಾಬಿನ್ಸನ್’ ಪ್ರಕರಣದಲ್ಲಿ ತೀರ್ಪಿತ್ತಿತು. ಶಾಸಕರು ಮೀನಮೇಷ ಎಣಿಸುತ್ತ ಕುಳಿತಾಗ, ಹೊಸ ವ್ಯವಸ್ಥೆಗೆ ಹಣ ಒದಗಿಸುವವರೆಗೆ ಶಾಲೆಗಳಿಗೆ ಖರ್ಚು ಮಾಡುವಂತಿಲ್ಲವೆಂದು ನ್ಯಾಯಾಲಯ ಆದೇಶಿಸಿದ್ದರಿಂದ 1976ರ ಜುಲೈ 1ರಂದು ರಾಜ್ಯದ ಸಾರ್ವಜನಿಕ ಶಾಲೆಗಳು ಮುಚ್ಚಿದವು. ಅದು ಬೇಸಿಗೆಯಾದ್ದರಿಂದ ತೊಂದರೆಯಾದದ್ದು ಬೇಸಿಗೆ ತರಗತಿಗಳಿಗೆ ಮಾತ್ರ. ಆದರೂ ಕೆಲವೇ ದಿನಗಳಲ್ಲಿ ರಾಜ್ಯದ ಆದಾಯ ತೆರಿಗೆಯ ಮಸೂದೆ ಅಂಗೀಕಾರವಾಯಿತು. ಅದಕ್ಕೆ ಸಹಿ ಹಾಕಿದ ಗವರ್ನರ್ ಬ್ರೆಂಡನ್ ಬರ್ನ್ ಒಂದೇ ಅವಧಿಗೆ ಮನೆಗೆ ಹೋಗುತ್ತಾರೆಂದು ಜನ ಗೇಲಿ ಮಾಡಿದರು. 1977ರಲ್ಲಿ ಅವರೇ ಮತ್ತೆ ಗೆದ್ದರು. ಇಂದು ನಮ್ಮ ಸಂಬಳದಲ್ಲಿ ರಾಜ್ಯದ ಹೆಸರಿನಲ್ಲಿ ಮುರಿದುಕೊಳ್ಳುವ ಹಣದ ಮೂಲ ಇದು.

ಅಷ್ಟಕ್ಕೇ ವ್ಯಾಜ್ಯ ಮುಗಿಯಲಿಲ್ಲ. ಕ್ಯಾಮ್ಡೆನ್, ಈಸ್ಟ್ ಆರೆಂಜ್, ಇರ್ವಿಂಗ್ಟನ್, ಜೆರ್ಸಿ ಸಿಟಿಗಳ ಇಪ್ಪತ್ತು ಮಕ್ಕಳ ಪರವಾಗಿ 1981ರಲ್ಲಿ ಹೂಡಿದ ‘ಆಬಟ್’ ಮೊಕದ್ದಮೆ ದಶಕಗಳ ಕಾಲ ನಡೆಯಿತು. ಬಡ ನಗರಗಳ ಶಾಲೆಗಳಿಗೆ ಸಿರಿವಂತ ಉಪನಗರಗಳಷ್ಟೇ ಹಣ ಸಿಗಬೇಕೆಂದು 1990ರಲ್ಲಿಯೂ, ಆ ನಗರಗಳ ಮೂರು ಮತ್ತು ನಾಲ್ಕು ವರ್ಷದ ಮಕ್ಕಳಿಗೆ ಗುಣಮಟ್ಟದ ಪ್ರಿಸ್ಕೂಲ್ ಒದಗಿಸಬೇಕೆಂದು 1998ರಲ್ಲಿಯೂ ನ್ಯಾಯಾಲಯ ಆದೇಶಿಸಿತು. ಮ್ಯಾನ್‌ಹಟನ್‌ಗೆ ಹೋಗಿಬರಲು ಅನುಕೂಲವೆಂದು ಜೆರ್ಸಿ ಸಿಟಿ, ಹೊಬೊಕನ್‌ಗಳಲ್ಲಿ ಬಾಡಿಗೆಗಿರುವ ನಮ್ಮವರ ಮಕ್ಕಳು ಶುಲ್ಕವಿಲ್ಲದೆ ಪ್ರಿಸ್ಕೂಲಿಗೆ ಹೋಗುತ್ತಿರುವುದು ಈ ತೀರ್ಪಿನಿಂದಾಗಿ.

ಇನ್ನು ಮನೆಯ ವಿಚಾರ. ಇತ್ತೀಚೆಗೆ ಈ ಗುಂಪಿನಲ್ಲಿಯೇ ‘ನಮ್ಮ ಊರಿಗೆ ಅಫೋರ್ಡಬಲ್ ಹೌಸಿಂಗ್ (ಕಡಿಮೆ ಆದಾಯದವರ ಕೈಗೆಟುಕುವ ಮನೆಗಳು) ಬೇಡ, ಶಾಲೆಗಳು ತುಂಬಿಹೋಗುತ್ತವೆ’ ಎಂಬ ಮನವಿಗೆ ಸಹಿ ಕೇಳುವ ಸಂದೇಶಗಳು ಹರಿದಾಡುತ್ತಿರುವುದರಿಂದ ಇದನ್ನು ತುಸು ವಿವರವಾಗಿಯೇ ಬರೆಯಬೇಕಾಗಿದೆ. ದಕ್ಷಿಣ ಜೆರ್ಸಿಯ ಮೌಂಟ್ ಲಾರೆಲ್ ಎಂಬ ಊರಿನಲ್ಲಿ ತಲೆಮಾರುಗಳಿಂದ ಬಾಳಿದ್ದ ಕಪ್ಪು ಕುಟುಂಬಗಳು ತಮ್ಮ ಮಕ್ಕಳು ಅಲ್ಲೇ ಉಳಿಯಲೆಂದು ಕಡಿಮೆ ಬೆಲೆಯ ಮನೆಗಳನ್ನು ಕಟ್ಟಲು ಮುಂದಾದಾಗ, ನಿವೇಶನ ಇಷ್ಟು ದೊಡ್ಡದಿರಬೇಕು, ಮನೆ ಒಂಟಿಯಾಗಿಯೇ ಇರಬೇಕು ಎಂಬ ನಿಯಮಗಳು ಅಡ್ಡಬಂದವು. ದುಬಾರಿಯಾದರೆ ಊರು ಬಿಡಿ ಎಂಬ ಧಾಟಿಯಲ್ಲಿ ಮೇಯರರೇ ಚರ್ಚಿನಲ್ಲಿ ನಿಂತು ಹೇಳಿದ್ದರು. ಎಥೆಲ್ ಲಾರೆನ್ಸ್ ಎಂಬ ಮಹಿಳೆ ಮುಂದೆ ನಿಂತು ನಡೆಸಿದ ಹೋರಾಟದಲ್ಲಿ ನ್ಯಾಯಾಲಯವು, ಬೆಳೆಯುತ್ತಿರುವ ಪ್ರತಿಯೊಂದು ಊರೂ ಕಡಿಮೆ ಆದಾಯದವರ ಮನೆಗಳಿಗೆ ತನ್ನ ಪಾಲಿನ ಜಾಗ ಕೊಡಲೇಬೇಕೆಂದು 1975ರಲ್ಲಿ ಹೇಳಿ, ಊರುಗಳು ಅದನ್ನು ಕಡೆಗಣಿಸಿದ್ದರಿಂದ 1983ರಲ್ಲಿ ಮತ್ತಷ್ಟು ಬಿಗಿಯಾಗಿ ಹೇಳಿತು. ಐದರಲ್ಲಿ ಒಂದು ಮನೆಯನ್ನು ಕಡಿಮೆ ಬೆಲೆಗೆ ಕೊಡುವ ಬಿಲ್ಡರಿಗೆ ಆ ನಿಯಮಗಳು ಸಡಿಲಗೊಂಡು, ಉಳಿದ ನಾಲ್ಕನ್ನು ಮಾರುಕಟ್ಟೆ ಬೆಲೆಗೆ ಮಾರಲು ದಾರಿಯಾಯಿತು. ಒಂಟಿ ಬಂಗಲೆಗಳಷ್ಟೇ ಇದ್ದ ಉಪನಗರಗಳಲ್ಲಿ ಗೋಡೆಗೆ ಗೋಡೆ ಕೂಡಿದ ಟೌನ್‌ಹೌಸುಗಳು ಮತ್ತು ಫ್ಲ್ಯಾಟಿನಂಥ ಕಾಂಡೊಗಳು ಎದ್ದು ನಿಂತದ್ದರ ಹಿಂದೆ ಈ ತೀರ್ಪಿನ ಪಾಲು ದೊಡ್ಡದು. ಬೆಡ್‌ಮಿನ್‌ಸ್ಟರಿನ ‘ದಿ ಹಿಲ್ಸ್’ ಅಂಥ ಮೊದಲ ದೊಡ್ಡ ಬಡಾವಣೆಗಳಲ್ಲಿ ಒಂದು. ಎಚ್‌-1ಬಿ ವೀಸಾದಲ್ಲಿ ಬಂದ ನಮ್ಮಲ್ಲಿ ಎಷ್ಟೋ ಮಂದಿ ಮೊದಲು ಕೊಂಡದ್ದು ಟೌನ್‌ಹೌಸನ್ನೇ. ಆ ಬಾಗಿಲಿನಿಂದ ಒಳಬಂದವರೇ ಅದನ್ನು ಮುಚ್ಚಲು ಸಹಿ ಹಾಕುವುದು ನನಗೆ ಸರಿಕಾಣುವುದಿಲ್ಲ. ಅದು ಫಲಿಸುವುದೂ ಕಷ್ಟ: 2024ರ ಹೊಸ ಕಾಯಿದೆ ಮುಂದಿನ ಹತ್ತು ವರ್ಷಕ್ಕೆ ಊರುಗಳ ಪಾಲನ್ನು ಲೆಕ್ಕಹಾಕುವ ಕ್ರಮವನ್ನೇ ನಿಗದಿಪಡಿಸಿದೆ.

ಮಕ್ಕಳಿಗೆ ಈ ರಾಜ್ಯದ ಇತಿಹಾಸವನ್ನು ಎಷ್ಟು ಹೇಳಬೇಕೆಂದು ಮತ್ತೊಬ್ಬರು ಕೇಳಿದ್ದಾರೆ. ಭಾರತೀಯ ಅಂಗಡಿಗಳೇ ತುಂಬಿರುವ ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಿ ದೋಸೆ ತಿಂದು, ರಂಗೋಲಿ ಪುಡಿ ಕೊಂಡು ಬರುವ ಮಕ್ಕಳಿಗೆ 1987ರ ಜೆರ್ಸಿ ಸಿಟಿಯನ್ನು ಊಹಿಸಿಕೊಳ್ಳುವುದು ಕಷ್ಟವೇ. ಹೆಣ್ಣುಮಕ್ಕಳ ಹಣೆಯ ಬೊಟ್ಟನ್ನು ಹೀಗಳೆದು ತಮ್ಮನ್ನು ‘ಡಾಟ್‌ಬಸ್ಟರ್ಸ್’ ಎಂದು ಕರೆದುಕೊಂಡ ಗುಂಪೊಂದು ಭಾರತೀಯರನ್ನು ಊರು ಬಿಡಿಸುತ್ತೇವೆಂದು ಸ್ಥಳೀಯ ಪತ್ರಿಕೆಗೆ ಪತ್ರ ಬರೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊಬೊಕನ್‌ನಲ್ಲಿ ಯುವಕರ ತಂಡವೊಂದು ನವರೋಜ್ ಮೋದಿ ಎಂಬ ಪಾರ್ಸಿ ಯುವಕನನ್ನು ಹೊಡೆದು ಕೊಂದಿತು. ಕೆಲವೇ ದಿನಗಳಲ್ಲಿ ವೈದ್ಯ ಕೌಶಲ್ ಸರನ್ ಅವರ ಮೇಲೂ ಭೀಕರ ಹಲ್ಲೆಯಾಯಿತು. ದ್ವೇಷದಿಂದ ನಡೆಯುವ ಅಪರಾಧಗಳಿಗೆ ಹೆಚ್ಚಿನ ಶಿಕ್ಷೆ ವಿಧಿಸುವ ಕಾನೂನನ್ನು ರಾಜ್ಯ 1990ರಲ್ಲಿ ತಂದಿತು. ಇದನ್ನು ಆರನೆಯ, ಏಳನೆಯ ತರಗತಿಯ ಹೊತ್ತಿಗೆ ಮನೆಯಲ್ಲಿ ನೇರವಾಗಿ ಹೇಳುವುದೇ ಸರಿಯೆಂದು ನನ್ನ ಅಭಿಪ್ರಾಯ. ಅದಕ್ಕಿಂತ ಚಿಕ್ಕವರಲ್ಲಿ ಭಯ ಮಾತ್ರ ಉಳಿಯುತ್ತದೆ.

ಏಷ್ಯನ್ ಅಮೆರಿಕನ್ನರ ಇತಿಹಾಸವನ್ನು ಸಾರ್ವಜನಿಕ ಶಾಲೆಗಳಲ್ಲಿ ಕಲಿಸಬೇಕೆಂಬ ಕಾನೂನಿಗೆ ಅಂದಿನ ಗವರ್ನರ್ ಫಿಲ್ ಮರ್ಫಿ 2022ರ ಜನವರಿಯಲ್ಲಿ ಸಹಿ ಹಾಕಿದರು. ಇಲಿನಾಯ್ ಬಿಟ್ಟರೆ ಇಂಥ ಕಾನೂನು ತಂದ ಮೊದಲ ರಾಜ್ಯ ನಮ್ಮದು. ಯಾವ ತರಗತಿಯಲ್ಲಿ ಏನನ್ನು ಕಲಿಸಬೇಕೆಂಬುದು ಬಹುಮಟ್ಟಿಗೆ ಊರಿನ ಶಾಲೆಗಳನ್ನು ನಡೆಸುವ ಆಯಾ ಶಾಲಾ ಜಿಲ್ಲೆಗೆ ಬಿಟ್ಟದ್ದು. ಅದರ ಆಡಳಿತ ಮಂಡಳಿಯಾದ ಸ್ಕೂಲ್ ಬೋರ್ಡಿನ ಸಭೆಯಲ್ಲಿ ಸಾರ್ವಜನಿಕರಿಗೆ ಮಾತನಾಡಲು ಸಮಯವಿರುತ್ತದೆ. 1987ರ ಈ ಘಟನೆಗಳನ್ನೂ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಂಧನ ಶಿಬಿರಗಳಿಂದ ದಕ್ಷಿಣ ಜೆರ್ಸಿಯ ಕೃಷಿ ಕಂಪನಿ ಸೀಬ್ರೂಕ್ ಫಾರ್ಮ್ಸ್‌ಗೆ ದುಡಿಯಲು ಬಂದ ಜಪಾನಿ ಅಮೆರಿಕನ್ನರ ವೃತ್ತಾಂತವನ್ನೂ ಪಾಠದಲ್ಲಿ ಸೇರಿಸಿರೆಂದು ಅಲ್ಲಿ ಕೇಳಬಹುದು.

ಪ್ರಶ್ನೆ ಕೇಳಿದ ದಂಪತಿಗೆ ನನ್ನ ಸಲಹೆ ಇಷ್ಟು: ಮಗುವಿಗೆ ಮೂರೇ ವರ್ಷವಾದ್ದರಿಂದ ಮನೆ ಕೊಳ್ಳುವ ಅವಸರ ಬೇಡ. ಒಂದೆರಡು ವರ್ಷ ಜೆರ್ಸಿ ಸಿಟಿಯಲ್ಲಿ ಬಾಡಿಗೆಗಿದ್ದು ಅಲ್ಲಿನ ಪ್ರಿಸ್ಕೂಲಿಗೆ ಅರ್ಜಿ ಹಾಕಿ. ಅರ್ಜಿಯೊಂದಿಗೆ ವಾಸದ ದಾಖಲೆ ಕೊಡಬೇಕಾಗುವುದರಿಂದ ಮಗುವಿನ ಜನನ ಪ್ರಮಾಣಪತ್ರ ಮತ್ತು ಲಸಿಕೆಯ ದಾಖಲೆಗಳನ್ನು ಭಾರತದಿಂದ ಹೊರಡುವಾಗಲೇ ಕೈಚೀಲದಲ್ಲಿ ಇಟ್ಟುಕೊಂಡು, ಬಾಡಿಗೆ ಕರಾರನ್ನು ಬಂದ ವಾರದಲ್ಲೇ ಒದಗಿಸಿಕೊಳ್ಳಿ.