ಕೊಂಗ್ಸ್‌ಫ್ಯೋರ್ಡನ್‌ನ ಪ್ರಾಣಿಪ್ಲವಕ ಎಣಿಕೆ: ಬದಲಾದದ್ದು ಕಡಲೋ, ಬಲೆಯೋ?

ಕಾಳಿತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದುತ್ತಿದ್ದಾಗ ಕಾಳಿ ನದಿಯ ಅಳಿವೆಯಲ್ಲಿ ಬಲೆ ಎಳೆದು ಪ್ಲವಕಗಳನ್ನು (ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು) ಎಣಿಸಿದ್ದೇನೆ. ಆ ಮಟ್ಟಿಗೆ ಈ ಕೆಲಸ ನನಗೆ ಹೊಸದಲ್ಲ. ಆದರೆ ಈಗ ಕೈಗೆ ಬಂದಿರುವುದು ಆರ್ಕ್ಟಿಕ್‌ನ ದತ್ತಾಂಶ. ಸ್ವಾಲ್‌ಬಾರ್ಡ್‌ನ ಪಶ್ಚಿಮ ದಂಡೆಯಲ್ಲಿ, ಸುಮಾರು 79 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಕೊಂಗ್ಸ್‌ಫ್ಯೋರ್ಡನ್ ಎಂಬ ಫ್ಯೋರ್ಡ್ ಇದೆ. ಹಿಮನದಿ ಕೊರೆದ ಕಣಿವೆಗೆ ಕಡಲು ನುಗ್ಗಿ ಆದ ಉದ್ದನೆಯ ಕೊಲ್ಲಿ ಅದು. ಅಲ್ಲಿ ಹಲವು ವರ್ಷಗಳ ಅಂತರದಲ್ಲಿ ಸಂಗ್ರಹಿಸಿದ ಎರಡು ಕಂತು ಮಾದರಿಗಳ ಎಣಿಕೆಯನ್ನು ಹೋಲಿಸಿ ನಾನು ವರದಿ ಬರೆಯಬೇಕಾಗಿದೆ. ಆ ಫ್ಯೋರ್ಡ್‌ನ ದಡದಲ್ಲಿರುವ ನಿ-ಓಲೆಸುಂಡ್‌ನಲ್ಲಿ 2008ರಿಂದ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ನೆಲೆ ಇರುವುದರಿಂದ, ಆ ನೀರನ್ನು ಕಂಡವರು ಯಾರಾದರೂ ಉತ್ತರಿಸಬಹುದೆಂಬ ಆಸೆಯಿದೆ.

ಎರಡೂ ಕಂತುಗಳು ಆಗಸ್ಟ್ ತಿಂಗಳ ಕೊನೆಯ ವಾರದವು. ಹೊಸ ಕಂತಿನಲ್ಲಿ ಓಯಿಥೋನಾ ಸಿಮಿಲಿಸ್ ಎಂಬ ಸಣ್ಣ ಕೋಪೆಪಾಡ್ (ಸಿಗಡಿಯ ಬಳಗದ ಪುಟ್ಟ ಪ್ರಾಣಿಪ್ಲವಕ) ನಾಲ್ಕು ಪಟ್ಟಿಗೂ ಹೆಚ್ಚಾಗಿ ಕಾಣುತ್ತಿದೆ. ದೊಡ್ಡ ಕೋಪೆಪಾಡ್ ಆದ ಕ್ಯಾಲನಸ್ ಗ್ಲೇಸಿಯಾಲಿಸ್ ಅರ್ಧಕ್ಕಿಂತ ಕಡಿಮೆಯಾಗಿದೆ. ಈ ಫ್ಯೋರ್ಡ್‌ನ ಬಾಯಿಯಲ್ಲಿ ನೀರಿನಡಿಯ ತಡೆದಿಬ್ಬ ಇಲ್ಲದ ಕಾರಣ ಅಟ್ಲಾಂಟಿಕ್‌ನ ಬೆಚ್ಚಗಿನ ನೀರು ಸಲೀಸಾಗಿ ಒಳಬರುತ್ತದೆ, 2006ರ ಚಳಿಗಾಲದಿಂದೀಚೆಗೆ ಅಲ್ಲಿ ಕಡಲ ಮೇಲೆ ಮಂಜುಗಡ್ಡೆ ಕಟ್ಟುವುದೂ ತಗ್ಗಿದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗಾಗಿ ‘ಬೆಚ್ಚಗಿನ ನೀರಿನಿಂದ ಸಮುದಾಯ ಸಣ್ಣ ಜೀವಿಗಳ ಕಡೆಗೆ ವಾಲಿದೆ’ ಎಂದು ಬರೆದುಬಿಡುವುದು ಸುಲಭ. ಆದರೆ ಹಳೆಯ ಕಂತನ್ನು 200 ಮೈಕ್ರಾನ್ (0.2 ಮಿಲಿಮೀಟರ್) ಕಣ್ಣಿನ ಬಲೆಯಿಂದಲೂ ಹೊಸದನ್ನು 60 ಮೈಕ್ರಾನ್ ಕಣ್ಣಿನ ಬಲೆಯಿಂದಲೂ ಹಿಡಿಯಲಾಗಿದೆ ಎಂಬುದು ನೆನಪಾದಾಗಲೆಲ್ಲ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಈ ಎರಡು ಕಂತುಗಳನ್ನು ಹೋಲಿಸಬಹುದೇ? ಹೋಲಿಸುವುದಾದರೆ ಎಷ್ಟರ ಮಟ್ಟಿಗೆ?

ಹಳೆಯಬಲೆ (ಉತ್ತರ)

ನಿಮ್ಮ ಮನಸ್ಸು ಒಪ್ಪದಿರುವುದು ಸರಿಯಾಗಿಯೇ ಇದೆ. ಸೂಕ್ಷ್ಮದರ್ಶಕದ ಮುಂದೆ ಕುಳಿತು ಎಣಿಸುತ್ತಲೇ ನೌಕರಿ ಮುಗಿಸಿದವನು ನಾನು. ಇಂಥ ‘ನಾಲ್ಕು ಪಟ್ಟು ಏರಿಕೆ’ಗಳನ್ನು ಸಾಕಷ್ಟು ನೋಡಿದ್ದೇನೆ.

ಓಯಿಥೋನಾ ಸಿಮಿಲಿಸ್‌ನ ಬೆಳೆದ ಹೆಣ್ಣು ಒಂದು ಮಿಲಿಮೀಟರಿಗೂ ಕಡಿಮೆ ಉದ್ದದ್ದು, ಅಗಲವಂತೂ ಇನ್ನೂ ಕಡಿಮೆ. ಅದರ ಮರಿಗಳು 200 ಮೈಕ್ರಾನಿನ ಕಣ್ಣಿನಲ್ಲಿ ನೀರಿನೊಡನೆ ತೂರಿ ಹೊರಹೋಗುತ್ತವೆ, ಬೆಳೆದವುಗಳಲ್ಲಿಯೂ ಒಂದು ಪಾಲು ಉದ್ದುದ್ದಕ್ಕೆ ನುಸುಳಿಕೊಳ್ಳುತ್ತದೆ. 60 ಮೈಕ್ರಾನಿನ ಬಲೆ ಅವೆಲ್ಲವನ್ನೂ ತಡೆದು ನಿಲ್ಲಿಸುತ್ತದೆ. ಆದ್ದರಿಂದ ನಿಮ್ಮ ನಾಲ್ಕು ಪಟ್ಟಿನಲ್ಲಿ ಬಹುಪಾಲು ಬಲೆಯದೇ ಇರಬೇಕು. ಕಡಲಿನ ಪಾಲು ಎಷ್ಟೆಂದು ಈ ದತ್ತಾಂಶದಿಂದ ಬೇರ್ಪಡಿಸಲು ಬರುವುದಿಲ್ಲ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಲೆಯ ಬಾಯಿಗೆ, ಒಳಹೋದ ನೀರನ್ನು ಅಳೆಯುವ ಫ್ಲೋಮೀಟರ್ ಕಟ್ಟಿದ್ದರೇ ಎಂಬುದನ್ನು ಕ್ಷೇತ್ರಪುಸ್ತಕದಲ್ಲಿ ಹುಡುಕಿ ನೋಡಿ. ಡಬ್ಲ್ಯೂಪಿ-2 ಎಂಬ ಪ್ರಮಾಣಿತ ಪ್ಲವಕಬಲೆಯ ಬಾಯಿಯ ವಿಸ್ತೀರ್ಣ ಕಾಲು ಚದರ ಮೀಟರ್. ಅದನ್ನು 50 ಮೀಟರಿನಿಂದ ನೇರವಾಗಿ ಮೇಲೆಳೆದರೆ ಲೆಕ್ಕದ ಪ್ರಕಾರ 12.5 ಘನ ಮೀಟರ್ ನೀರು ಸೋಸಿರಬೇಕು. ಮಾದರಿಯನ್ನು ಐದು ಸಲ ಅರ್ಧಿಸಿ, ಮೂವತ್ತೆರಡರಲ್ಲಿ ಒಂದು ಪಾಲಿನಲ್ಲಿ 320 ಪ್ರಾಣಿಗಳನ್ನು ಎಣಿಸಿದಿರೆಂದುಕೊಳ್ಳಿ: ಒಟ್ಟು 10,240, ಅಂದರೆ ಘನ ಮೀಟರಿಗೆ ಸುಮಾರು 819. ಆದರೆ ಸಸ್ಯಪ್ಲವಕ ಉಕ್ಕಿರುವ ನೀರಿನಲ್ಲಿ ಬಲೆಯ ಮೇಲೆ ಕಂದು ಲೋಳೆ ಕೂತು, ಕಣ್ಣು ಮುಚ್ಚಿ, ಬಾಯಿಯ ಮುಂದಿನ ನೀರು ಪಕ್ಕಕ್ಕೆ ಸರಿಯತೊಡಗುತ್ತದೆ. ನಿಜವಾಗಿ ಸೋಸಿದ್ದು ನೂರಕ್ಕೆ ಎಪ್ಪತ್ತು ಪಾಲಷ್ಟೇ ಆಗಿದ್ದರೆ ಅದೇ ಎಣಿಕೆ ಘನ ಮೀಟರಿಗೆ 1,170 ಆಗುತ್ತದೆ. ಕಣ್ಣು ಸಣ್ಣದಾದಷ್ಟೂ ಬೇಗ ಮುಚ್ಚಿಕೊಳ್ಳುವುದರಿಂದ ನಿಮ್ಮ 60 ಮೈಕ್ರಾನಿನ ಬಲೆಯಲ್ಲಿ ಈ ತಪ್ಪು ಹೆಚ್ಚು. ಫ್ಲೋಮೀಟರಿನ ಅಂಕಿಯಿಲ್ಲದ ಎಣಿಕೆಯನ್ನು ನಾನಾದರೆ ಕೋಷ್ಟಕಕ್ಕೆ ಸೇರಿಸುವುದಿಲ್ಲ.

ಹೋಲಿಸಲೇಬೇಕೆಂದಾದರೆ, ಎರಡೂ ಬಲೆಗಳು ಖಚಿತವಾಗಿ ಹಿಡಿಯುವ ಹಂತಗಳನ್ನು ಮಾತ್ರ ಇಟ್ಟುಕೊಳ್ಳಿ. ಕ್ಯಾಲನಸ್‌ನ ನಾಲ್ಕನೆಯ ಕೋಪೆಪೊಡೈಟ್ (ಬೆಳೆಯುತ್ತಿರುವ ಮರಿಯ) ಹಂತದಿಂದ ಮೇಲಿನವು ಎರಡರಲ್ಲಿಯೂ ಉಳಿಯುತ್ತವೆ. ಓಯಿಥೋನಾವನ್ನು ಈ ವರದಿಯಿಂದ ಕೈಬಿಡುವುದೇ ಮೇಲು.

ಮೇಣದಚೀಲ (ಉತ್ತರ)

ಓಯಿಥೋನಾ ಬಗ್ಗೆ ಹಳೆಯಬಲೆ ಸರ್ ಹೇಳಿದ್ದಕ್ಕೆ ನಾನು ಸೇರಿಸಬೇಕಾದದ್ದು ಏನೂ ಇಲ್ಲ. ಆದರೆ ಕ್ಯಾಲನಸ್ ಎಣಿಕೆಯನ್ನು ಅಷ್ಟು ನಿಶ್ಚಿಂತೆಯಿಂದ ಇಟ್ಟುಕೊಳ್ಳಬಹುದೆಂದು ನನಗೆ ಅನಿಸುವುದಿಲ್ಲ, ಏಕೆಂದರೆ ನೀವು ಗ್ಲೇಸಿಯಾಲಿಸ್ ಎಂದು ಎಣಿಸಿದ್ದು ಗ್ಲೇಸಿಯಾಲಿಸೇ ಹೌದೇ ಎಂಬ ಪ್ರಶ್ನೆ ಮೊದಲು ಬಗೆಹರಿಯಬೇಕು.

ಈ ಫ್ಯೋರ್ಡ್‌ನಲ್ಲಿ ಮೂರು ಕ್ಯಾಲನಸ್‌ಗಳು ಒಟ್ಟಿಗೆ ಸಿಗುತ್ತವೆ: ಅಟ್ಲಾಂಟಿಕ್ ನೀರಿನೊಡನೆ ಬರುವ ಫಿನ್ಮಾರ್ಕಿಕಸ್, ಆರ್ಕ್ಟಿಕ್‌ನ ತಟದ ನೀರಿನ ಗ್ಲೇಸಿಯಾಲಿಸ್, ಆಳಗಡಲಿನ ಹೈಪರ್‌ಬೋರಿಯಸ್. ಮೂರನೆಯದು ಗಾತ್ರದಲ್ಲಿ ಎದ್ದು ಕಾಣುವುದರಿಂದ ತೊಂದರೆಯಿಲ್ಲ. ಮೊದಲ ಎರಡನ್ನು ಬಹುಕಾಲದಿಂದ ಮುಂದೇಹದ (ತಲೆ, ಎದೆ ಸೇರಿದ ಮುಂಭಾಗದ) ಉದ್ದವನ್ನು ಅಳೆದು ಬೇರ್ಪಡಿಸುತ್ತ ಬಂದಿದ್ದಾರೆ. ಇಷ್ಟು ಉದ್ದಕ್ಕಿಂತ ಕಡಿಮೆಯಿದ್ದರೆ ಇದು, ಹೆಚ್ಚಿದ್ದರೆ ಅದು ಎಂಬಂತೆ. ಡಿಎನ್‌ಎ ಪರೀಕ್ಷೆ ಕೈಗೆಟುಕಿದ ಮೇಲೆ ಈ ಗಡಿರೇಖೆ ನಿಲ್ಲುವುದಿಲ್ಲವೆಂದು ಗೊತ್ತಾಯಿತು: ಎರಡರ ಗಾತ್ರಗಳೂ ಒಂದರ ಮೇಲೊಂದು ಹಾಯುತ್ತವೆ, ಸಣ್ಣಗಾತ್ರದ ಗ್ಲೇಸಿಯಾಲಿಸ್‌ಗಳು ಫಿನ್ಮಾರ್ಕಿಕಸ್ ಲೆಕ್ಕಕ್ಕೆ ಸೇರಿಹೋಗುತ್ತವೆ. ಸ್ಪರ್ಶಾಂಗದ ಕೆಂಪು ಬಣ್ಣವನ್ನು ನೋಡಿ ಗುರುತಿಸುವ ಉಪಾಯವೂ ಎಲ್ಲ ಕಡೆಯೂ ನೆಚ್ಚುವಂಥದಲ್ಲ. ನಾರ್ವೆಯ ಮುಖ್ಯಭೂಮಿಯ ಫ್ಯೋರ್ಡ್‌ಗಳಲ್ಲಿ, ಇರುವುದೇ ಇಲ್ಲವೆಂದುಕೊಂಡಿದ್ದಷ್ಟು ದಕ್ಷಿಣದಲ್ಲಿ, ಗ್ಲೇಸಿಯಾಲಿಸ್ ಇರುವುದು ಬಯಲಾದದ್ದೂ ಡಿಎನ್‌ಎ ಗುರುತುಗಳಿಂದಲೇ.

ಇದು ಬರೀ ಹೆಸರಿನ ಗೊಡವೆಯಲ್ಲ. ಪ್ಲವಕ ಎಣಿಸುವ ಬೋಗೊರೊವ್ ತಟ್ಟೆಯ ಕಾಲುವೆಯಲ್ಲಿ ಜೀವಂತ ಗ್ಲೇಸಿಯಾಲಿಸ್ ಒಂದನ್ನು ಇಟ್ಟು ನೋಡಿದರೆ, ಗಾಜಿನಂಥ ಮೈಯೊಳಗೆ ಉದ್ದಕ್ಕೂ ಚಾಚಿದ ಎಣ್ಣೆಯ ಚೀಲವೊಂದು ಬೆಳಕಿಗೆ ಹೊಳೆಯುತ್ತದೆ. ಬೇಸಿಗೆಯ ಕೊನೆಗೆ ಮೈಯ ಬಹುಭಾಗ ಅದೇ ಆಗಿರುತ್ತದೆ. ಚಳಿಗಾಲದ ಸುಪ್ತಾವಸ್ಥೆಗೆಂದು ಕೂಡಿಟ್ಟ ಮೇಣದಂಥ ಕೊಬ್ಬು ಅದು. ಪುಟ್ಟ ಆಕ್ ಹಕ್ಕಿ ತನ್ನ ಮರಿಗೆ ಕುತ್ತಿಗೆಯ ಚೀಲದಲ್ಲಿ ತುಂಬಿಕೊಂಡು ಒಯ್ಯುವುದು ಬಹುಮಟ್ಟಿಗೆ ಇವುಗಳನ್ನೇ. ಒಂದೊಂದು ಫಿನ್ಮಾರ್ಕಿಕಸ್‌ನಲ್ಲಿ ಇರುವ ಕೊಬ್ಬು ಇದಕ್ಕಿಂತ ಹಲವು ಪಟ್ಟು ಕಡಿಮೆ. ಹಾಗಾಗಿ ಒಂದನ್ನು ಇನ್ನೊಂದೆಂದು ಎಣಿಸಿದರೆ ಹಕ್ಕಿಯ ಊಟದ ಲೆಕ್ಕವೇ ತಪ್ಪಿಹೋಗುತ್ತದೆ.

ನಿಮ್ಮ ಮಾದರಿಗಳೆಲ್ಲ ಫಾರ್ಮಲಿನ್‌ನಲ್ಲಿದ್ದರೆ ಡಿಎನ್‌ಎ ತೆಗೆಯುವುದು ಕಷ್ಟದ ಕೆಲಸ. ಎಥನಾಲ್‌ನಲ್ಲಿಟ್ಟ ಜೋಡಿ ಮಾದರಿಗಳು ಇವೆಯೇ ಎಂದು ವಿಚಾರಿಸಿ. ಇಲ್ಲವಾದರೆ ಎರಡನ್ನೂ ಕೂಡಿಸಿ ಬರೀ ‘ಕ್ಯಾಲನಸ್’ ಎಂದು ಬರೆದು, ಉದ್ದದ ಅಳತೆಗಳನ್ನು ಪ್ರತ್ಯೇಕ ಕೋಷ್ಟಕದಲ್ಲಿ ಕೊಡುವುದು ಪ್ರಾಮಾಣಿಕವಾದ ದಾರಿ. ನನ್ನನ್ನು ಕೇಳಿದರೆ ಮುಂದಿನ ವರ್ಷದಿಂದ ಬಲೆಯನ್ನೇ ಬಿಟ್ಟು, ನೀರಿನಲ್ಲಿ ಜೀವಿಗಳು ಬಿಟ್ಟ ಡಿಎನ್‌ಎ ಮತ್ತು ನೀರೊಳಗಿನ ಕ್ಯಾಮೆರಾ ಎರಡಕ್ಕೇ ಹೋಗಬಹುದು.

ದಕ್ಷಿಣದ ಮಂಜು (ಉತ್ತರ)

ಮೇಣದಚೀಲ ಮೇಡಂ ಅವರ ಕೊನೆಯ ವಾಕ್ಯದ ಹೊರತು ಉಳಿದೆಲ್ಲವನ್ನೂ ಒಪ್ಪುತ್ತೇನೆ. ನಾನು ಎರಡು ಸಲ ಅಂಟಾರ್ಕ್ಟಿಕಾ ಯಾನದಲ್ಲಿ ಹಡಗಿನ ಮೇಲೆ ಕೆಲಸ ಮಾಡಿದವನು, ಆರ್ಕ್ಟಿಕ್ ಕಂಡಿಲ್ಲ. ಆದರೂ ದಕ್ಷಿಣದ ಒಂದು ಉದಾಹರಣೆ ಇಲ್ಲಿಗೆ ಹೊಂದುತ್ತದೆ.

ಅಲಿಸ್ಟರ್ ಹಾರ್ಡಿ ಎಂಬ ಬ್ರಿಟಿಷ್ ವಿಜ್ಞಾನಿ 1925-27ರ ಡಿಸ್ಕವರಿ ಯಾನಕ್ಕೆಂದು ಒಂದು ಪೆಟ್ಟಿಗೆಯನ್ನು ರೂಪಿಸಿದರು: ಹಡಗಿನ ಹಿಂದೆ ಹಗ್ಗಕ್ಕೆ ಕಟ್ಟಿ ಎಳೆದರೆ ನೀರು ಮುಂದಿನ ಸಣ್ಣ ತೂತಿನಿಂದ ಒಳಬಂದು ರೇಷ್ಮೆಬಟ್ಟೆಯ ಮೂಲಕ ಸೋಸಿ ಹೋಗುತ್ತದೆ, ಹಿಂಬದಿಯ ಚಕ್ರ ತಿರುಗಿದಂತೆಲ್ಲ ರೇಷ್ಮೆ ನಿಧಾನವಾಗಿ ಸರಿದು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಸುತ್ತಿಕೊಳ್ಳುತ್ತದೆ. ಪಂಚೆಯ ಸುರುಳಿಯಂತೆ ಬಿಚ್ಚಿ ಹರಡಿದರೆ ಹಡಗು ಬಂದ ದಾರಿಯೇ ಅದರ ಮೇಲೆ ಅಂಟಿರುತ್ತದೆ. ಹಸಿರು ಗಾಢವಾದಲ್ಲಿ ಸಸ್ಯಪ್ಲವಕ ಹೆಚ್ಚು. ಆಸ್ಟ್ರೇಲಿಯಾದವರು 1991ರಲ್ಲಿ ಇದೇ ಯಂತ್ರದ ಸುಧಾರಿತ ರೂಪದಿಂದ ದಕ್ಷಿಣ ಮಹಾಸಾಗರದ ಸಮೀಕ್ಷೆ ಆರಂಭಿಸಿದರು. ಜಪಾನ್ ಮೊದಲಾದ ದೇಶಗಳ ಹಡಗುಗಳೂ ಸೇರಿಕೊಂಡವು. ರೇಷ್ಮೆಯ ಕಣ್ಣು 270 ಮೈಕ್ರಾನ್, ಎಳೆಯುವ ಆಳ ಸುಮಾರು 10 ಮೀಟರ್, ಎಣಿಕೆ ಪ್ರತಿ 5 ನಾಟಿಕಲ್ ಮೈಲಿಗೆ ಒಂದು ತುಂಡಿನಂತೆ.

ಹಳೆಯಬಲೆ ಸರ್ ಅವರ ಲೆಕ್ಕದಲ್ಲಿ ನೋಡಿದರೆ ಇದು ಕೆಟ್ಟ ಬಲೆ. 270ರ ಕಣ್ಣಿನಲ್ಲಿ ಓಯಿಥೋನಾ ಎಷ್ಟು ನುಸುಳಿ ಹೋಗುತ್ತದೆಯೋ ಊಹಿಸಿಕೊಳ್ಳಿ. ಆದರೂ ಆ ಸಮೀಕ್ಷೆಯಲ್ಲಿ ಅತಿ ಹೆಚ್ಚು ಸಿಗುವ ಜೀವಿಗಳಲ್ಲಿ ಅದೇ ಮುಂದು! ಹತ್ತು ಮೀಟರಿಗಿಂತ ಆಳದಲ್ಲಿ ಏನಿದೆಯೆಂದು ಅದಕ್ಕೆ ತಿಳಿಯುವುದೂ ಇಲ್ಲ. ಆದರೆ ಅದು ಕಳೆದುಕೊಳ್ಳುವುದನ್ನು ಪ್ರತಿ ವರ್ಷವೂ ಒಂದೇ ರೀತಿ ಕಳೆದುಕೊಳ್ಳುತ್ತದೆ, ಆದ್ದರಿಂದ ಏರಿಳಿತವನ್ನು ನಂಬಬಹುದು. ಹೊಸ ಸಲಕರಣೆ ಬಂತೆಂದು ಹಳೆಯದನ್ನು ಕಳಚಿಟ್ಟ ದಿನವೇ ಸರಣಿ ತುಂಡಾಗುತ್ತದೆ. ಕ್ಯಾಮೆರಾ, ಡಿಎನ್‌ಎ ಎಲ್ಲವೂ ಬರಲಿ, ಹಳೆಯ ಬಲೆಯ ಜೊತೆಗೆ ಬರಲಿ.

ಸಿಗಡಿಯಂಥ ಕ್ರಿಲ್ ವಿಷಯದಲ್ಲಿ ಈ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿತದ್ದಾಗಿದೆ. ಹಲವು ದೇಶಗಳವರು ದಶಕಗಳ ಕಾಲ ಬೇರೆ ಬೇರೆ ಬಲೆ, ಬೇರೆ ಬೇರೆ ಆಳ, ಬೇರೆ ಬೇರೆ ತಿಂಗಳುಗಳಲ್ಲಿ ಹಿಡಿದ ಎಣಿಕೆಗಳನ್ನು ಒಂದುಗೂಡಿಸಿ, ನೈರುತ್ಯ ಅಟ್ಲಾಂಟಿಕ್ ಭಾಗದಲ್ಲಿ 1970ರ ದಶಕದಿಂದ ಕ್ರಿಲ್ ಕುಸಿದಿದೆಯೆಂದು 2004ರಲ್ಲಿ ಒಂದು ತಂಡ ಪ್ರಕಟಿಸಿತು. ಅದೇ ದತ್ತಾಂಶವನ್ನು ಬೇರೆ ರೀತಿ ಸರಿದೂಗಿಸಿದ ಇನ್ನೊಂದು ತಂಡ 2018ರಲ್ಲಿ ಅಂಥ ಕುಸಿತಕ್ಕೆ ಆಧಾರ ಕಾಣಲಿಲ್ಲ ಎಂದಿತು. ಆ ಚರ್ಚೆಯ ಬಹುಭಾಗ ಪ್ರಾಣಿಯ ಬಗ್ಗೆಯಲ್ಲ, ಬಲೆಗಳನ್ನು ಒಂದೇ ಅಳತೆಗೆ ತರುವ ಬಗೆಯ ಬಗ್ಗೆ.

ಕಾಳಿತೀರ

ಮೂವರಿಗೂ ಕೃತಜ್ಞತೆಗಳು. ಕ್ಷೇತ್ರಪುಸ್ತಕವನ್ನು ಮತ್ತೆ ತೆರೆದು ನೋಡಿದೆ. ಎರಡೂ ಕಂತುಗಳಲ್ಲಿ ಫ್ಲೋಮೀಟರಿನ ಅಂಕಿಗಳಿವೆ. ಆದರೆ ನಾನು ಗಮನಿಸದಿದ್ದ ಇನ್ನೊಂದು ವ್ಯತ್ಯಾಸ ಸಿಕ್ಕಿತು: ಹಳೆಯ ಕಂತಿನಲ್ಲಿ ಬಲೆಯನ್ನು ತಳದಿಂದ ಮೇಲ್ಮೈವರೆಗೆ ಎಳೆದಿದ್ದಾರೆ, ಹೊಸದರಲ್ಲಿ, ಬಹುಶಃ ಬಲೆ ಮುಚ್ಚಿಕೊಳ್ಳುವ ಭಯದಿಂದ, ಮೇಲಿನ 50 ಮೀಟರ್ ಮಾತ್ರ. ಇದರಿಂದ ಗ್ಲೇಸಿಯಾಲಿಸ್‌ನ ಇಳಿಕೆಗೆ ಏನಾದರೂ ಸಂಬಂಧವಿದೆಯೇ?

ಹಳೆಯಬಲೆ

ಇದೆ, ಬಹಳವೇ ಇದೆ. ಇದನ್ನು ನಾನೇ ಮೊದಲು ಕೇಳಬೇಕಿತ್ತು.

ಆಗಸ್ಟ್ ಕೊನೆಗೆ ಐದನೆಯ ಕೋಪೆಪೊಡೈಟ್ ಹಂತದ ಕ್ಯಾಲನಸ್ ಹೊಟ್ಟೆ ತುಂಬಿಸಿಕೊಂಡು, ಎಣ್ಣೆಚೀಲ ತುಂಬಿಸಿಕೊಂಡು, ಆಳಕ್ಕೆ ಇಳಿಯತೊಡಗಿರುತ್ತದೆ. ಮುಂದಿನ ವಸಂತದವರೆಗೆ ಅದರ ವಾಸ ಅಲ್ಲಿಯೇ. ಮೇಲಿನ 50 ಮೀಟರಿನಲ್ಲಿ ಹುಡುಕಿ ‘ಅರ್ಧವಾಗಿದೆ’ ಎನ್ನುವುದು, ಮಲಗಲು ಒಳಮನೆಗೆ ಹೋದವರನ್ನು ಜಗಲಿಯಲ್ಲಿ ಎಣಿಸಿದ ಹಾಗೆ. ಹೊಸ ಕಂತಿನಲ್ಲಿ ಸಣ್ಣದು ಹೆಚ್ಚಿದ್ದಕ್ಕೆ ಕಣ್ಣು ಕಾರಣ, ದೊಡ್ಡದು ತಗ್ಗಿದ್ದಕ್ಕೆ ಆಳ ಕಾರಣ. ಎರಡೂ ಸೇರಿ, ಬೆಚ್ಚಗಾಗುತ್ತಿರುವ ಫ್ಯೋರ್ಡ್‌ನಲ್ಲಿ ನಾವು ನಿರೀಕ್ಷಿಸುವ ಚಿತ್ರವನ್ನೇ ಬಿಡಿಸಿಬಿಟ್ಟಿವೆ. ನಿರೀಕ್ಷೆಗೆ ಒಪ್ಪುವ ಫಲಿತಾಂಶದ ಮೇಲೆ ಯಾರಿಗೂ ಅನುಮಾನ ಹುಟ್ಟುವುದಿಲ್ಲ. ನಿಮಗೆ ಹುಟ್ಟಿತಲ್ಲ, ಸಂತೋಷ. ಇದರರ್ಥ ಅಲ್ಲಿ ಬದಲಾವಣೆಯೇ ಇಲ್ಲವೆಂದಲ್ಲ. ಪೋಲೆಂಡ್ ಮತ್ತು ನಾರ್ವೆಯ ತಂಡಗಳು 1996ರಿಂದ ಆ ಫ್ಯೋರ್ಡ್‌ನಲ್ಲಿ ಆಳವಾರು ಮಾದರಿ ತೆಗೆಯುತ್ತಿವೆ. ಬದಲಾವಣೆಯ ಮಾತನ್ನು ಅಂಥ ಸರಣಿಯಿಂದ ಆಡಬೇಕೇ ಹೊರತು ನಿಮ್ಮ ಎರಡು ಕಂತುಗಳಿಂದಲ್ಲ.

ಮೇಣದಚೀಲ

ದಕ್ಷಿಣದ ಮಂಜು ಅವರ ಆಕ್ಷೇಪಣೆಯನ್ನು ಒಪ್ಪಿಕೊಂಡೆ. ‘ಬಲೆಯನ್ನು ಬಿಟ್ಟು’ ಎಂದದ್ದು ಅವಸರದ ಮಾತು.

ಕಾಳಿತೀರ ಅವರೇ, ಆಗಸ್ಟ್ ಒಂದೇ ತಿಂಗಳಿನ ಮಾದರಿಯ ಬಗ್ಗೆಯೂ ವರದಿಯಲ್ಲಿ ಒಂದು ಪ್ಯಾರಾ ಬರೆಯಿರಿ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಅಲ್ಲಿ ಸೂರ್ಯನೇ ಹುಟ್ಟುವುದಿಲ್ಲ. ಆ ಕತ್ತಲಲ್ಲಿ ಎಲ್ಲವೂ ನಿದ್ರಿಸುತ್ತದೆಂದು ನಂಬಿದ್ದ ಕಾಲವಿತ್ತು. ನೀರಿನಲ್ಲಿ ಲಂಗರು ಹಾಕಿಟ್ಟ, ಶಬ್ದದ ಅಲೆ ಕಳಿಸಿ ಪ್ರತಿಧ್ವನಿ ಕೇಳುವ ಉಪಕರಣಗಳು 2009ರಿಂದೀಚೆಗೆ ಬೇರೆಯದನ್ನೇ ತೋರಿಸಿವೆ: ಧ್ರುವರಾತ್ರಿಯಲ್ಲಿಯೂ ಪ್ರಾಣಿಪ್ಲವಕಗಳು ಏರಿಳಿಯುತ್ತವೆ, ಹುಣ್ಣಿಮೆಯ ಆಸುಪಾಸಿನಲ್ಲಿ ಚಂದ್ರನ ಬೆಳಕಿಗೆ ಆಳಕ್ಕೆ ಸರಿಯುತ್ತವೆ. ಹಡಗಿನ ದೀಪಕ್ಕೂ ಅವು ಹೆದರುತ್ತವೆ. ಸುಮಾರು 200 ಮೀಟರ್ ಆಳದವರೆಗೆ ಅವುಗಳ ನಡವಳಿಕೆ ಕದಡುವುದನ್ನು ದಾಖಲಿಸಿದ್ದಾರೆ. ಚಳಿಗಾಲದಲ್ಲಿ ದೀಪ ಉರಿಸಿಕೊಂಡು ಬಲೆ ಎಳೆದರೆ ಸಿಗುವುದು ಓಡಿಹೋದ ಮೇಲೆ ಉಳಿದವು. ನಮ್ಮವರು 2014ರಲ್ಲಿ ಅದೇ ಫ್ಯೋರ್ಡ್‌ನಲ್ಲಿ 192 ಮೀಟರ್ ಆಳದಲ್ಲಿ ಇಂಡಾರ್ಕ್ ಎಂಬ, ಅಳತೆಯ ಉಪಕರಣಗಳನ್ನು ಕಟ್ಟಿದ ಲಂಗರು ಇಳಿಸಿದ್ದಾರೆ, 2023ರ ಡಿಸೆಂಬರಿನಿಂದ ಚಳಿಗಾಲದ ತಂಡವೂ ಹಿಮಾದ್ರಿಗೆ ಹೋಗುತ್ತಿದೆ. ಹಾಗಾಗಿ ನೀರಿನ ಉಷ್ಣತೆ, ಲವಣಾಂಶಗಳ ವರ್ಷವಿಡೀ ದಾಖಲೆಯ ಪಕ್ಕಕ್ಕೆ ನಿಮ್ಮ ಎಣಿಕೆಯನ್ನು ಇಟ್ಟು ನೋಡುವ ಅವಕಾಶ ನಿಮಗಿದೆ.

ಹಳೆಯಬಲೆ

ಮುಂದಿನ ಆಗಸ್ಟ್‌ನಲ್ಲಿ ಹೋಗುವವರಿಗೆ ಇಷ್ಟು ಹೇಳಿ ಕಳುಹಿಸಿ. ಒಂದೇ ಠಾಣೆಯಲ್ಲಿ, ಒಂದೇ ದಿನ, ತಳದಿಂದ ಮೇಲಕ್ಕೆ 200ರ ಬಲೆಯನ್ನೂ 60ರ ಬಲೆಯನ್ನೂ ಒಂದರ ಹಿಂದೊಂದು ಮೂರು ಮೂರು ಸಲ ಎಳೆಯಲಿ. ಪ್ರತಿ ಪ್ರಭೇದಕ್ಕೂ ಪ್ರತಿ ಹಂತಕ್ಕೂ ಎಷ್ಟು ವ್ಯತ್ಯಾಸವಿದೆಯೆಂದು ಆಗ ಮಾತ್ರ ತಿಳಿಯುತ್ತದೆ. 60ರ ಬಲೆ ಮುಚ್ಚಿಕೊಂಡರೆ ಆಳವನ್ನು ಎರಡು ಮೂರು ಪದರವಾಗಿ ಒಡೆದು ಎಳೆಯಲಿ. ಬಾಟಲಿಯ ಫಾರ್ಮಲಿನ್‌ಗೆ ಬೋರಾಕ್ಸ್ ಹಾಕುವುದನ್ನು ಮರೆಯಬಾರದು. ಹುಳಿಯಾದ ದ್ರವದಲ್ಲಿ ಲಿಮಾಸಿನಾದಂಥ ರೆಕ್ಕೆಶಂಖುವಿನ ಚಿಪ್ಪು ಕರಗಿಹೋಗಿ, ಆಮೇಲೆ ಅದನ್ನು ನೋಡಿ ಕಡಲೇ ಹುಳಿಯಾಯಿತೆಂದು ಯಾರಾದರೂ ಬರೆದಾರು. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಬಾಟಲಿಯ ಒಳಗೇ ಹಾಕಬೇಕು, ಹೊರಗೆ ಅಂಟಿಸಿದ್ದು ಉಪ್ಪುನೀರಿಗೆ ಉದುರುತ್ತದೆ. ಠಾಣೆ, ದಿನಾಂಕ, ಗಂಟೆ, ಆಳ, ಬಲೆಯ ಕಣ್ಣು, ಫ್ಲೋಮೀಟರಿನ ಮೊದಲ ಮತ್ತು ಕೊನೆಯ ಅಂಕಿ: ಇಷ್ಟೂ ಆ ಚೀಟಿಯಲ್ಲಿರಲಿ.